ಎಷ್ಟು ಅಗೆಯಬೇಕು, ಎಷ್ಟು ತುಂಬಬೇಕು? ಲೆವೆಲ್ ಹೋಲಿಸುವ ಬಗೆ

ಈಗಿರುವ ನೆಲದ ಲೆವೆಲ್‌ನಿಂದ (ಎತ್ತರದಿಂದ) ನಕ್ಷೆಯ ಲೆವೆಲ್ ಕಳೆಯಿರಿ. ಪ್ಲಸ್ ಬಂದರೆ ಕಟಿಂಗ್ (ಅಗೆಯುವುದು), ಮೈನಸ್ ಬಂದರೆ ಫಿಲ್ಲಿಂಗ್ (ತುಂಬುವುದು). ಲೆಕ್ಕ ಇಷ್ಟೇ. ಜನ ಎಡವುವುದು ಲೆಕ್ಕದಲ್ಲಲ್ಲ, ಯಾವುದರಿಂದ ಯಾವುದನ್ನು ಕಳೆಯುತ್ತಿದ್ದೇವೆ ಎಂಬಲ್ಲಿ.

ಮೊದಲು ನಕ್ಷೆಯ ಲೆವೆಲ್‌ಗಳು ಯಾವ ಬೆಂಚ್‌ಮಾರ್ಕ್‌ನಿಂದ (ಎತ್ತರ ಮೊದಲೇ ಗೊತ್ತಿರುವ ಗುರುತಿನಿಂದ) ಹೊರಟಿವೆ ಎಂದು ನೋಡಿ, ಸ್ಥಳದಲ್ಲೂ ಅದರಿಂದಲೇ ಶುರುಮಾಡಿ. ಜಿಪಿಎಸ್ ನೇರವಾಗಿ ಕೊಡುವ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ ಹತ್ತಾರು ಮೀಟರ್ ವ್ಯತ್ಯಾಸ ಇರಬಹುದು. ಅಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ಅಕ್ಕಪಕ್ಕದ ಎರಡು ಬೆಂಚ್‌ಮಾರ್ಕ್‌ಗಳ ನಡುವಿನ ಐದಾರು ಸೆಂಟಿಮೀಟರ್ ತಪ್ಪೇ ಕೊನೆಯವರೆಗೂ ಅಡಗಿ ಕೂರುವಂಥದ್ದು.

ಹುಲ್ಲು, ಬೇರು ಇರುವ ಮೇಲ್ಮಣ್ಣನ್ನು ಹೇಗೂ ತೆಗೆಯುವುದಿದ್ದರೆ, ತೆಗೆದ ಮೇಲೆ ಮತ್ತೊಮ್ಮೆ ಲೆವೆಲ್ ತೆಗೆದುಕೊಳ್ಳಿ. 10 ಮೀಟರ್ ಚೌಕದ ಗ್ರಿಡ್ ಹಾಕಿ ಪ್ರತಿ ಮೂಲೆಯಲ್ಲಿ ಸ್ಟಾಫ್ (ನೆಟ್ಟಗೆ ಹಿಡಿಯುವ ಅಳತೆಪಟ್ಟಿ) ಹಿಡಿಯಿರಿ. ಚರಂಡಿ, ದಿಬ್ಬ, ದಂಡೆಯ ಅಂಚುಗಳಲ್ಲಿ ಹೆಚ್ಚುವರಿ ಬಿಂದು ಬೇಕೇ ಬೇಕು. ಬೆಂಚ್‌ಮಾರ್ಕ್ 100.000 ಮೀ., ಬ್ಯಾಕ್‌ಸೈಟ್ (ಬೆಂಚ್‌ಮಾರ್ಕ್ ಮೇಲಿಟ್ಟ ಸ್ಟಾಫ್‌ನ ಓದು) 1.425 ಆದರೆ ಉಪಕರಣದ ಎತ್ತರ, ಅಂದರೆ ಅದರ ದೃಷ್ಟಿರೇಖೆಯ ಲೆವೆಲ್, 101.425. ಬಿಂದುವಿನಲ್ಲಿ ಸ್ಟಾಫ್ ಓದಿದ್ದು 1.860 ಆದರೆ ಅಲ್ಲಿನ ನೆಲ 99.565. ಬ್ಯಾಕ್‌ಸೈಟ್, ಫೋರ್‌ಸೈಟ್ (ಉಪಕರಣ ಎತ್ತುವ ಮೊದಲಿನ ಕೊನೆಯ ಓದು) ದೂರ ಸಮನಾಗಿರಲಿ. ಉಪಕರಣದ ದೃಷ್ಟಿರೇಖೆ ಸ್ವಲ್ಪ ಓರೆಯಾಗಿದ್ದರೂ ಆಗ ಆ ದೋಷ ತಾನೇ ಕಳೆದುಹೋಗುತ್ತದೆ. ಕೊನೆಗೆ ಬೆಂಚ್‌ಮಾರ್ಕ್‌ಗೇ ಹಿಂದಿರುಗಿ, ಅದರ ಲೆವೆಲ್ ಸರಿಯಾಗಿ ಬರುತ್ತದೆಯೇ ನೋಡಿ ಮುಚ್ಚಿ. ಮುಚ್ಚದ ಲೆವೆಲ್ ಪುಸ್ತಕವನ್ನು ನಂಬಬೇಡಿ.

ಇನ್ನು ನಕ್ಷೆಯ ಕಡೆ. ರಸ್ತೆಯ ಮಧ್ಯರೇಖೆ 0 ಚೈನೇಜ್‌ನಲ್ಲಿ (ಚೈನೇಜ್ ಎಂದರೆ ರಸ್ತೆಯುದ್ದಕ್ಕೂ ಅಳೆದ ದೂರ) 99.800 ಇದ್ದು, 1 ಶೇಕಡಾ ಇಳಿಜಾರಿನಲ್ಲಿ ಇಳಿಯುತ್ತಿದ್ದರೆ 40 ಮೀಟರ್‌ನಲ್ಲಿ 99.400. ನೆಲ 99.565 ಬಂದ ನಮ್ಮ ಬಿಂದು ಅಲ್ಲಿಂದ 3.5 ಮೀಟರ್ ಬದಿಗಿದೆ. ಕ್ಯಾಂಬರ್ (ಮಧ್ಯದಿಂದ ಅಂಚಿನ ಕಡೆಗಿನ ಇಳಿಜಾರು) 2.5 ಶೇಕಡಾ ಎಂದರೆ ಇನ್ನೂ 0.088 ಕಡಿಮೆ, ಅಂದರೆ 99.312. ಆದರೆ ಇದು ಮುಗಿದ ರಸ್ತೆಯ ಮೇಲ್ಮೈ! ಅಗೆಯಬೇಕಾದ್ದು ಅದರ ಪದರಗಳ ತಳದವರೆಗೆ. ಒಟ್ಟು ದಪ್ಪ 450 ಮಿ.ಮೀ. ಆದರೆ ಹೋಲಿಸಬೇಕಾದ ಲೆವೆಲ್ 98.862, ಕಟಿಂಗ್ 0.703 ಮೀ. ಮೇಲ್ಮೈಗೇ ಹೋಲಿಸಿದವರಿಗೆ ಬರುವುದು 0.253 ಮಾತ್ರ. ಸಾವಿರ ಚದರ ಮೀಟರ್‌ನಲ್ಲಿ ಈ ಒಂದು ಮರೆವಿನ ಬೆಲೆ 450 ಘನ ಮೀಟರ್ ಮಣ್ಣು.

ಪರಿಮಾಣಕ್ಕೆ ಚೌಕದ ನಾಲ್ಕು ಮೂಲೆಗಳ ಸರಾಸರಿಯನ್ನು 100 ಚದರ ಮೀಟರ್‌ನಿಂದ ಗುಣಿಸಿ. 0.70, 0.52, 0.31, 0.15 ಇದ್ದರೆ ಸರಾಸರಿ 0.42, ಮಣ್ಣು 42 ಘನ ಮೀಟರ್. ಒಂದೇ ಚೌಕದಲ್ಲಿ ಕಟಿಂಗ್, ಫಿಲ್ಲಿಂಗ್ ಎರಡೂ ಬಂದರೆ ಮಾತ್ರ ಈ ದಾರಿ ಕೈಕೊಡುತ್ತದೆ. ಒಂದು ಬದಿಯ ಎರಡು ಮೂಲೆ +0.4, ಎದುರು ಬದಿಯವು −0.4 ಇದ್ದರೆ ಸರಾಸರಿ ಸೊನ್ನೆ; ಕೆಲಸವೇ ಇಲ್ಲ ಎಂದಂತೆ. ನಿಜದಲ್ಲಿ 10 ಘನ ಮೀಟರ್ ಅಗೆದು, 10 ಘನ ಮೀಟರ್ ತುಂಬಬೇಕು. ಸೊನ್ನೆ ಬರುವ ಗೆರೆಯನ್ನು ಗುರುತಿಸಿ, ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ, ಬೇರೆ ಕಾಲಂನಲ್ಲೇ ಬರೆಯಿರಿ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ರೋಲರ್ ಹೊಡೆದ ಮೇಲೆ ತಗ್ಗುತ್ತದೆ. ಹಾಗಾಗಿ ಲಾರಿ ಲೋಡ್‌ಗಳನ್ನು ಎಣಿಸಿ ಈ ಅಂಕಿಗೆ ತಾಳೆ ನೋಡಲು ಹೋಗಬೇಡಿ.

ಸಾಫ್ಟ್‌ವೇರ್ ಬಳಸುವವರಿಗೆ ಎರಡು ಮಾತು. ಅದು ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸುತ್ತದೆ. ಚರಂಡಿಯ ಅಂಚು, ತಳಗಳನ್ನು ಬ್ರೇಕ್‌ಲೈನ್ (ತ್ರಿಕೋನಗಳು ದಾಟಬಾರದ ಗೆರೆ) ಆಗಿ ಕೊಡದಿದ್ದರೆ ತ್ರಿಕೋನ ದಂಡೆಯಿಂದ ದಂಡೆಗೆ ಹಾರಿ ಚರಂಡಿಯನ್ನೇ ಮುಚ್ಚಿಬಿಡುತ್ತದೆ. ಇನ್ನು, ಕೆಲವು ಕಡೆ ನಕ್ಷೆಯ ಲೆವೆಲ್‌ನಿಂದ ನೆಲದ ಲೆವೆಲ್ ಕಳೆಯುತ್ತಾರೆ. ಆಗ ಪ್ಲಸ್ ಎಂದರೆ ಫಿಲ್ಲಿಂಗ್. ಕೈಲೆಕ್ಕ ಮಾಡಿದ ಒಂದು ಬಿಂದುವನ್ನು ಸಾಫ್ಟ್‌ವೇರ್‌ನ ಉತ್ತರದ ಜೊತೆ ಹೋಲಿಸಿ ಚಿಹ್ನೆ ಖಚಿತಪಡಿಸಿಕೊಳ್ಳಿ. ಗೂಟದ ಮೇಲೆ ಬರೆಯುವಾಗಲೂ ಬರೀ ಚಿಹ್ನೆ ಬೇಡ, ‘ಕಟಿಂಗ್ 0.703’ ಎಂದು ಪೂರ್ತಿ ಬರೆಯಿರಿ.