ಸಣ್ಣ ಪರಿಸರ ಪಕ್ಷಕ್ಕೆ ಮತ ಹಾಕುವ ಮೊದಲು ನೋಡಬೇಕಾದದ್ದು

ಜಗಳೂರಿನಲ್ಲಿ ನನ್ನದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಹೊಸದರಲ್ಲಿ 250 ಅಡಿ ಆಳದಿಂದ ಎತ್ತಿದ ಮೋಟಾರ್‌ಗಳು ಬರುತ್ತಿದ್ದವು. ಈಗ 800 ಅಡಿಯಿಂದ ಎತ್ತಿದವು ಬರುತ್ತವೆ. ಬಿಚ್ಚಿದರೆ ನೀರು ಮೇಲೆತ್ತುವ ಚಕ್ರ, ಅಂದರೆ ಇಂಪೆಲ್ಲರ್‌ನ ಅಂಚು ಮರಳಿಗೆ ಸವೆದು ಬ್ಲೇಡಿನಷ್ಟು ತೆಳ್ಳಗಾಗಿರುತ್ತದೆ; ನೀರಿಲ್ಲದೆ ಓಡಿದ ಮೋಟಾರ್‌ನ ತಂತಿ ಸುರುಳಿ (ವೈಂಡಿಂಗ್) ಕರಕಲಾಗಿರುತ್ತದೆ. ಪರಿಸರ ಎಂದರೆ ನನಗೆ ಮೊದಲು ನೆನಪಾಗುವುದು ಆ ಸುಟ್ಟ ವಾಸನೆ.

ಮೊದಲ ಬಾರಿ ಮತ ಹಾಕಲಿರುವ ತಮ್ಮನ ಮಗಳು ಕಳೆದ ವಾರ ಕೇಳಿದಳು: "ದೊಡ್ಡಪ್ಪ, ಪರಿಸರದ ಸಣ್ಣ ಪಕ್ಷಕ್ಕೆ ಹಾಕಿದರೆ ಓಟು ಹಾಳಾಗುತ್ತದೆಯೇ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕ್ಷೇತ್ರದ ಕಳೆದ ಸಲದ ಅಂತರ ನೋಡಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಜಗಳೂರಿನಲ್ಲಿ ಗೆಲುವಿನ ಅಂತರ ಸಾವಿರ ಮತವನ್ನೂ ಮುಟ್ಟಲಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತ ಫಲಿತಾಂಶ ತೀರ್ಮಾನಿಸಿತು. ಇಂಥ ಕಡೆ, ಗೆಲ್ಲಬಲ್ಲ ಅಭ್ಯರ್ಥಿಗಳ ನಡುವೆ ನಿಮ್ಮ ಕೆರೆಯ ವಿಷಯದಲ್ಲಿ ನಿಜವಾದ ವ್ಯತ್ಯಾಸವಿದೆಯೇ ಎಂದು ಕೇಳಿಕೊಳ್ಳಲೇಬೇಕು. ಇದ್ದರೆ ಅವರಲ್ಲಿ ಕೆರೆಗೆ ಒಳ್ಳೆಯದು ಮಾಡುವವರಿಗೇ ಮತ ಹಾಕಿ. ಅಂತರ ಹತ್ತಾರು ಸಾವಿರವಿದ್ದರೆ ಲೆಕ್ಕವೇ ಬೇರೆ: ನಿಮ್ಮ ಮತದಿಂದ ಗೆಲುವು ಬದಲಾಗದು, ಆದರೆ ಸಣ್ಣ ಪಕ್ಷದ ಠೇವಣಿಗೆ, ಮಾನ್ಯತೆಗೆ ಅದು ನೆರವಾಗುತ್ತದೆ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಸಿಗದಿದ್ದರೆ ಸೋತವರ ಠೇವಣಿ ಹೋಗುತ್ತದೆ: ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದ ಅಭ್ಯರ್ಥಿಗಳಿಗೆ ಅದರ ಅರ್ಧ. ರಾಜ್ಯದಲ್ಲಿ ಶೇ 8ರಷ್ಟು ಮತ ಬಂದರೆ ಒಂದೂ ಸ್ಥಾನ ಗೆಲ್ಲದೆಯೂ ರಾಜ್ಯ ಪಕ್ಷವೆಂಬ ಮಾನ್ಯತೆ ಸಿಗುತ್ತದೆ, ತನ್ನದೇ ಚಿಹ್ನೆ ಉಳಿಯುತ್ತದೆ. ಅದು ದೂರದ ಗುರಿ ನಿಜ, ಆದರೆ ಸೋತ ಮತವೂ ಎಣಿಕೆಯಾಗುತ್ತದೆ.

ಇನ್ನು ಪಕ್ಷವನ್ನು ಅಳೆಯುವ ಮಾತು. ನಮ್ಮ ಕಡೆ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಗುರುತಿಸಿ ಬೋರ್ ಕೊರೆಸುತ್ತಾರೆ. ಕಾಯಿ ನಿಂತಿತೇ ಎಂದು ನಾನು ಕೇಳುವುದಿಲ್ಲ. ಈ ಹಿಂದೆ ಆ ಕಾಯಿ ಹಿಡಿದವರು ತೋರಿಸಿದ ಹತ್ತು ಪಾಯಿಂಟ್‌ಗಳಲ್ಲಿ ಎಷ್ಟಕ್ಕೆ ನೀರು ಬಿತ್ತು ಎಂದು ಕೇಳುತ್ತೇನೆ. ಪಕ್ಷಕ್ಕೂ ಅದೇ ಪ್ರಶ್ನೆ. ಚುನಾವಣೆಯಿಲ್ಲದ ಬೇಸಿಗೆಯಲ್ಲಿ ಇವರು ಎಲ್ಲಿದ್ದರು? ತಾಲ್ಲೂಕಿನ ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯ ಬಗ್ಗೆ ಎಲ್ಲರೂ ಭಾಷಣ ಮಾಡುತ್ತಾರೆ. ಮಳೆನೀರು ಕೆರೆಗೆ ಹರಿದು ಬರುತ್ತಿದ್ದ ಕಾಲುವೆಯ ಒತ್ತುವರಿಯ ಬಗ್ಗೆ ಅರ್ಜಿ ಕೊಟ್ಟವರು ಯಾರು? ರಂಗಯ್ಯನದುರ್ಗ ಅಭಯಾರಣ್ಯದ ಕೊಂಡುಕುರಿಗಳನ್ನು (ನಾಲ್ಕು ಕೊಂಬಿನ ಹುಲ್ಲೆಗಳನ್ನು) ಉಳಿಸುವ ಮಾತಾಡುವಾಗ ಕಾಡಂಚಿನ ಕುರಿಗಾಹಿಗೆ ಏನು ಹೇಳುತ್ತಾರೆ? ಬೋರ್ ಕೊರೆಯಬೇಡಿ ಎನ್ನುವ ಪಕ್ಷ, ಒಣಗುತ್ತಿರುವ ಅಡಿಕೆ ತೋಟದ ಸಾಲಗಾರನಿಗೆ ಉತ್ತರ ಇಟ್ಟುಕೊಂಡಿರಬೇಕು. ಇಲ್ಲವಾದರೆ ಅದಕ್ಕೆ ನಮ್ಮೂರು ಗೊತ್ತಿಲ್ಲ ಎಂದೇ ಅರ್ಥ.

ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರವನ್ನು ಓದದೆ ಬಿಡಬೇಡಿ. ಆಸ್ತಿ, ಆದಾಯದ ಮೂಲ, ಕ್ರಿಮಿನಲ್ ಪ್ರಕರಣ ಎಲ್ಲವೂ ಅದರಲ್ಲಿರುತ್ತವೆ. ಹಸಿರು ಶಾಲು ಹೊದ್ದವರ ಆದಾಯ ಕಲ್ಲು ಕ್ರಷರ್‌ನಿಂದ ಬರುತ್ತಿದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ನನಗೆ ಬೇಸರವಿರುವುದು ಒಂದು ವಿಷಯಕ್ಕೆ. ಸಣ್ಣ ಪಕ್ಷ ಬೇರು ಬಿಡಬೇಕಾದ ಜಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿ. ಕೆಲವೇ ನೂರು ಮತಗಳಿಂದ ಅಲ್ಲಿ ಫಲಿತಾಂಶ ಬದಲಾಗಬಹುದು, ಗೆದ್ದವರು ನಮ್ಮ ಕೈಗೆ ಸಿಗುತ್ತಾರೆ. 2016ರಲ್ಲಿ ನಡೆದ ಆ ಚುನಾವಣೆ 2021ರಲ್ಲಿ ಮತ್ತೆ ನಡೆಯಬೇಕಿತ್ತು, ನಡೆಯಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ, ಹಾಗಾಗಿ ಅಲ್ಲಿ ವ್ಯಕ್ತಿಯನ್ನು ನೋಡಿದರೆ ಸಾಕು.

ಜಿಲ್ಲಾ ಪಂಚಾಯಿತಿ ಚುನಾವಣೆ ಬಂದರೆ, ಕಾಲುವೆಯ ಅರ್ಜಿ ಹಿಡಿದು ಓಡಾಡಿದ ಸಣ್ಣ ಪಕ್ಷದವರಿಗೇ ನನ್ನ ಮತ. ವಿಧಾನಸಭೆಗೆ ಅಂತರ ನೋಡಿ ನಿರ್ಧರಿಸುತ್ತೇನೆ ಎಂದು ಮಗುವಿಗೆ ಹೇಳಿದೆ. ಅವಳು ಮೊಬೈಲ್ ತೆಗೆದು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅಭ್ಯರ್ಥಿಗಳ ಪ್ರಮಾಣಪತ್ರ ಓದಲು ಶುರು ಮಾಡಿದಳು.