ಹಳೇ ಪಂಚೆಯ ಚೀಲ, ತೊಳೆದ ಹಾಲಿನ ಪ್ಯಾಕೆಟ್

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾದದ್ದು 2016ರಲ್ಲಿ. ಆದರೂ ಸೊಪ್ಪಿನ ಗಾಡಿಯ ಮುಂದೆ ಬರಿಗೈಲಿ ನಿಂತರೆ ತೆಳು ಕವರ್ ಬಂದೇ ಬರುತ್ತದೆ. ಬದಲಿಗೆ ಅಂಗಡಿಯವರು ಕೊಡುವ ‘ಬಟ್ಟೆ ಚೀಲ’ವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಂಚಿನಿಂದ ಒಂದು ಎಳೆ ಬಿಡಿಸಿ ನೋಡಿ. ನೇಯ್ದ ಬಟ್ಟೆಯಾದರೆ ದಾರ ಉದ್ದಕ್ಕೆ ಕಳಚಿಕೊಳ್ಳುತ್ತದೆ. ನಾರುನಾರಾಗಿ ಕಿತ್ತುಬಂದು, ಮೈತುಂಬ ಸಣ್ಣ ಚುಕ್ಕಿಗಳ ಒತ್ತು ಕಂಡರೆ ಅದು ಬಹುತೇಕ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ.

ಚೀಲವನ್ನು ಕೊಳ್ಳಬೇಕಾಗಿಯೇ ಇಲ್ಲ. ಹಳೇ ಪಂಚೆ ಅಥವಾ ಕಾಟನ್ ಬೆಡ್‌ಶೀಟ್ ಸಾಕು. ಮೊದಲು ಬೆಳಕಿಗೆ ಹಿಡಿದು, ಸವೆದು ಜಾಳಾದ ಭಾಗ ಬಿಟ್ಟು ಕತ್ತರಿಸಿ: ಮೈಗೆ 34 ಇಂಚು ಉದ್ದ, 15 ಇಂಚು ಅಗಲದ ಒಂದು ತುಂಡು, ಹಿಡಿಗೆ 20 ಇಂಚು ಉದ್ದ, 4 ಇಂಚು ಅಗಲದ ಎರಡು ಪಟ್ಟಿ. ಪಂಚೆ ತೀರಾ ತೆಳುವಾಗಿದ್ದರೆ ಮೈಗೆ ಎರಡು ಪದರ ಹಾಕಿ.

ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಒಂದಿಂಚು ಅಗಲಕ್ಕೆ ತಂದು, ಎರಡೂ ಅಂಚಿಗೆ ಹೊಲಿಗೆ ಹಾಕಿ. ಮೈಯ 15 ಇಂಚಿನ ಬದಿಗಳನ್ನು ಮೊದಲು ಅರ್ಧ ಇಂಚು, ಆಮೇಲೆ ಒಂದೂವರೆ ಇಂಚು ಒಳಕ್ಕೆ ಮಡಿಸಿ. ಪಕ್ಕದಿಂದ 4 ಇಂಚು ಬಿಟ್ಟು ಹಿಡಿಯ ತುದಿಗಳನ್ನು ಈ ಮಡಿಕೆಯೊಳಗೆ ತುರುಕಿ, ಮಡಿಕೆ ಹೊಲಿಯಿರಿ. ನಂತರ ಹಿಡಿಯನ್ನು ಮೇಲಕ್ಕೆ ತಿರುಗಿಸಿ, ಬುಡದಲ್ಲಿ ಚೌಕ, ಚೌಕದೊಳಗೆ ಅಡ್ಡಗೆರೆಗಳು ಬರುವಂತೆ ಹೊಲಿಗೆ ಕೂರಿಸಿ. ಚೀಲ ಹೆಚ್ಚಾಗಿ ಹರಿಯುವುದು ಇಲ್ಲೇ. ಹಿಡಿಯನ್ನು ಒಂದೇ ಪದರದ ಬಟ್ಟೆಗೆ ಒಂದೇ ಗೆರೆಯಲ್ಲಿ ಹೊಲಿದರೆ ಎಲ್ಲ ಭಾರವೂ ಆ ಗೆರೆಯ ಮೇಲೆ ಬಿದ್ದು ಬಟ್ಟೆ ಸೀಳುತ್ತದೆ.

ಈಗ ತುಂಡನ್ನು ಮಧ್ಯಕ್ಕೆ ಮಡಿಸಿ, ಒಳಮೈಗಳು ಒಂದಕ್ಕೊಂದು ಕೂಡುವಂತಿಟ್ಟು, ಪಕ್ಕಗಳನ್ನು ಕಾಲಿಂಚಿನಲ್ಲಿ ಹೊಲಿಯಿರಿ. ಚೀಲ ತಿರುವಿ ಅರ್ಧ ಇಂಚಿನಲ್ಲಿ ಇನ್ನೊಮ್ಮೆ ಹೊಲಿದರೆ ಎಳೆಗಳು ಹೊಲಿಗೆಯೊಳಗೆ ಅಡಗುತ್ತವೆ. ತಿರುವಿದ ಹಾಗೇ ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ, ತುದಿಯಿಂದ ಒಂದೂವರೆ ಇಂಚಿಗೆ ಅಡ್ಡ ಹೊಲಿಗೆ ಹಾಕಿ. ತಳ ಅಗಲವಾಗಿ ಟೊಮೆಟೊ ಒಂದರ ಮೇಲೊಂದು ಬಿದ್ದು ನಜ್ಜಾಗುವುದು ತಪ್ಪುತ್ತದೆ.

ಮೀನು, ಮಾಂಸಕ್ಕೆ ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ಯಿರಿ. ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಡಿಸಿ ಸೊನ್ನೆ ಮಾಡಿಸಿದ ಮೇಲೇ ತೂಕ. ಸೊಪ್ಪನ್ನು ತೊಳೆಯದೆ, ಕೊಳೆತ ಎಲೆ ಆರಿಸಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಕಾಟನ್ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಕವರ್‌ನಲ್ಲಿ ಕಟ್ಟಿಟ್ಟರೆ ಬೆವರಿದ ನೀರು ಒಳಗೇ ನಿಂತು ಎಲೆ ಕೊಳೆಯುತ್ತದೆ. ಬಟ್ಟೆ ಒಣಗಿದರೆ ಮತ್ತೆ ನೀರು ಚಿಮುಕಿಸಿ.

ಇನ್ನು ಮನೆಗೆ ಬಂದೇ ಬರುವ ಹಾಲಿನ ಪ್ಯಾಕೆಟ್. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಅಷ್ಟು ಸಣ್ಣ ಚೂರನ್ನು ಯಾರೂ ಆರಿಸುವುದಿಲ್ಲ, ನೇರ ಮಣ್ಣಿಗೆ, ಮೋರಿಗೆ ಸೇರುತ್ತದೆ. ಕತ್ತರಿ ಮುಕ್ಕಾಲು ಭಾಗ ಮಾತ್ರ ಓಡಲಿ, ಚೂರು ಪ್ಯಾಕೆಟ್‌ಗೇ ಅಂಟಿಕೊಂಡಿರಲಿ. ಹಾಲು ಬಗ್ಗಿಸಿದ ಮೇಲೆ ಮೇಲಂಚನ್ನು ಪೂರ್ತಿ ಬಿಡಿಸಿ, ಒಳಗಿನ ಜಿಡ್ಡು ಹೋಗುವಂತೆ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಕ್ಲಿಪ್ ಹಾಕಿ ಒಣಗಿಸಿ. ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಒಣಗಿದ್ದನ್ನು ಗುಜರಿಗೆ ಕೊಡಬಹುದು. ತಳಕ್ಕೆ ಮೂರ್ನಾಲ್ಕು ತೂತು ಮಾಡಿದರೆ ಬದನೆ, ಮೆಣಸಿನ ಸಸಿಗೂ ಆಗುತ್ತದೆ. ನೆಡುವಾಗ ಪ್ಯಾಕೆಟ್ ಸೀಳಿ ತೆಗೆಯಲು ಮರೆಯಬೇಡಿ.

ಹಸಿ ಕಸದ ಡಬ್ಬಿಗೆ ಕವರ್ ಬೇಡ, ತಳಕ್ಕೆ ಎರಡು ಹಾಳೆ ನ್ಯೂಸ್‌ಪೇಪರ್ ಹಾಸಿದರೆ ಸಾಕು. ಸಿಪ್ಪೆಯನ್ನು ಕವರ್‌ನಲ್ಲಿ ಗಂಟು ಕಟ್ಟಿ ಬೀದಿಗೆ ಇಡಲೇಬೇಡಿ. ಹಸು ಗಂಟು ಬಿಚ್ಚಿ ತಿನ್ನುವುದಿಲ್ಲ, ಕವರ್ ಸಮೇತ ನುಂಗುತ್ತದೆ. ಬಚ್ಚಲ ಒಲೆ ಹೊತ್ತಿಸಲೂ ಕವರ್ ಬಳಸಬೇಡಿ, ಅದರ ವಿಷದ ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ. ಒಣಗಿದ ತೆಂಗಿನ ಗರಿ, ಅಡಿಕೆ ಸಿಪ್ಪೆ ಒಲೆಯ ಪಕ್ಕದಲ್ಲೇ ಇರಲಿ. ಹರಿದ ಕವರ್‌ಗಳನ್ನು ತೊಳೆದು ಒಣ ಕಸದ ಚೀಲಕ್ಕೆ ಹಾಕಿ.