ಮಗು ಓಡಾಡುತ್ತಿದೆ, ಎಕ್ಸ್-ರೇ ಮಾತ್ರ ಬೆಳ್ಳಗಿದೆ

ಮುಂಬಯಿಯ ಮಾಟುಂಗಾ, ಪಕ್ಕದ ಡೊಂಬಿವಲಿ ಕಡೆಯ ನಮ್ಮ ಕನ್ನಡದ ಮನೆಯವರು ಮಗುವನ್ನು ಕೂರಿಸುವ ಮೊದಲೇ ರಿಪೋರ್ಟಿನ ಫೈಲು ಚಾಚುತ್ತಾರೆ. ನಾನು ಮೊದಲು ಕೇಳುವುದು, ಜ್ವರ ಬಂದು ಎಷ್ಟು ದಿನವಾಯಿತು? ಆ ಲೆಕ್ಕವಿಲ್ಲದೆ, ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ರಿಪೋರ್ಟು ಓದಲು ಬರುವುದಿಲ್ಲ.

5 ವರ್ಷ ದಾಟಿದ ಮಗು, ವಾರದಿಂದ ಒಣಕೆಮ್ಮು, ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೂ ಇಳಿಯದ ಜ್ವರ ಎಂದರೆ ಮೈಕೋಪ್ಲಾಸ್ಮಾ ನೆನಪಾಗುತ್ತದೆ. ಅಮಾಕ್ಸಿಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಗೆ, ಅಂದರೆ ಹೊರಗೋಡೆಗೆ. ಈ ರೋಗಾಣುವಿಗೆ ಅದೇ ಇಲ್ಲ. ಆ ಔಷಧಿ ನಾಟುವುದಾದರೂ ಎಲ್ಲಿಗೆ? ಬಿಳಿ ರಕ್ತಕಣ ಹೆಚ್ಚಾಗಿ ನಾರ್ಮಲ್, ಉರಿಯೂತ ತೋರಿಸುವ ಸಿಆರ್‌ಪಿ ಅಷ್ಟಿಷ್ಟು ಏರಿರುತ್ತದೆ. ಇವೆರಡನ್ನೇ ನಂಬಿ ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ತೀರ್ಮಾನಿಸಬಾರದು.

ರಕ್ತಕಣಗಳ ಪರೀಕ್ಷೆಯಾದ ಸಿಬಿಸಿಯಲ್ಲಿ ನನ್ನ ಕಣ್ಣು ನಿಲ್ಲುವುದು ಎಂಸಿಎಚ್‌ಸಿ (ಕೆಂಪುಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) ಮೇಲೆ. ಅದು 36 ದಾಟಿ, ಎಂಸಿವಿಯೂ (ಕೆಂಪುಕಣದ ಸರಾಸರಿ ಗಾತ್ರ) ಏರಿ, ಕೆಂಪುಕಣಗಳ ಎಣಿಕೆ ಹಿಮೋಗ್ಲೋಬಿನ್‌ಗೆ ತಾಳೆಯಾಗದಷ್ಟು ಕಡಿಮೆ ಬಂದರೆ ಕೋಲ್ಡ್ ಅಗ್ಲುಟಿನಿನ್, ಅಂದರೆ ತಂಪಿನಲ್ಲಿ ಕೆಂಪುಕಣಗಳನ್ನು ಅಂಟಿಸುವ ಪ್ರತಿಕಾಯ, ಇರಬಹುದು. ತಣ್ಣಗಾದ ರಕ್ತದಲ್ಲಿ ಕಣಗಳು ಅಂಟಿಕೊಳ್ಳುತ್ತವೆ, ಯಂತ್ರ ಇಡೀ ಗುಂಪನ್ನು ಒಂದೇ ಕಣವೆಂದು ಎಣಿಸುತ್ತದೆ. ಎಸಿ ಲ್ಯಾಬಿನಲ್ಲಿ ಇದು ಸಹಜ. ರಕ್ತದ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಚ್ಚಗಿಟ್ಟು, ಆರುವ ಮೊದಲೇ ಮತ್ತೆ ಓಡಿಸಿ ಎನ್ನುತ್ತೇನೆ. ಅಂಕಿ ಸರಿಹೋಗುತ್ತದೆ. ಹಿಮೋಗ್ಲೋಬಿನ್ ನಿಜಕ್ಕೂ ಕುಸಿದಿದ್ದರೆ ಕೆಂಪುಕಣಗಳು ಒಡೆಯುತ್ತಿವೆಯೇ ಎಂದು ತಿಳಿಯಲು ರೆಟಿಕ್ಯುಲೊಸೈಟ್, ಬಿಲಿರುಬಿನ್, ಕೂಂಬ್ಸ್ ಪರೀಕ್ಷೆ ಅದೇ ದಿನ ಆಗಬೇಕು.

ಮೈಕೋಪ್ಲಾಸ್ಮಾಕ್ಕೆ ದೇಹ ಮೊದಲು ತಯಾರಿಸುವ ಪ್ರತಿಕಾಯ ಐಜಿಎಂ ಮೊದಲ ವಾರದಲ್ಲಿ ನೆಗೆಟಿವ್ ಬಂದರೆ ರೋಗವಿಲ್ಲವೆಂದಲ್ಲ. ಒಮ್ಮೆ ಬಂದದ್ದು ತಿಂಗಳುಗಟ್ಟಲೆ ಉಳಿಯುವುದರಿಂದ ಪಾಸಿಟಿವ್ ಎಂದರೆ ಈಗಿನದೇ ಎಂದೂ ಅಲ್ಲ. ರೋಗಾಣುವಿನ ಡಿಎನ್‌ಎ ಹುಡುಕುವ ಗಂಟಲಿನ ಪಿಸಿಆರ್ ಬೇಗ ಸಿಗುತ್ತದೆ. ಆದರೆ ಆರೋಗ್ಯವಂತ ಮಕ್ಕಳ ಗಂಟಲಲ್ಲೂ ಈ ರೋಗಾಣು ಇರುತ್ತದೆ.

ಎಕ್ಸ್-ರೇಯಲ್ಲಿ ಹೈಲಮ್‌ನಿಂದ (ಶ್ವಾಸನಾಳ, ರಕ್ತನಾಳಗಳು ಶ್ವಾಸಕೋಶವನ್ನು ಹೊಕ್ಕುವ ಜಾಗ) ಕೆಳಗಿಳಿಯುವ ಗೆರೆಗಳು, ಶ್ವಾಸನಾಳದ ಸುತ್ತ ದಪ್ಪ ಅಂಚು, ಕೆಳಭಾಗದಲ್ಲಿ ತೇಪೆಗಳು. ಶ್ವಾಸಕೋಶದ ಒಂದೇ ಲೋಬ್ (ಭಾಗ) ಪೂರ್ತಿ ಬೆಳ್ಳಗಾಗುವುದೂ ಉಂಟು, ಹಾಗಾಗಿ ಚಿತ್ರ ನೋಡಿ ರೋಗಾಣುವಿನ ಹೆಸರು ಹೇಳಲಾಗದು. ಎದೆಯಲ್ಲಿ ಕೇಳುವುದಕ್ಕಿಂತ ಚಿತ್ರ ಜೋರಾಗಿರುವುದೇ ಇದರ ಗುಣ. ಅತ್ತು ಉಸಿರು ಬಿಟ್ಟಾಗ ತೆಗೆದ ಫಿಲ್ಮೂ ಬೆಳ್ಳಗೇ ಕಾಣುತ್ತದೆ. ಅದಕ್ಕೇ ಉಸಿರು ಪೂರ್ತಿ ಎಳೆದಿತ್ತೇ ಎಂದು ಮೊದಲು ಪಕ್ಕೆಲುಬು ಎಣಿಸಿ, ಮಗು ಓರೆಯಾಗಿರಲಿಲ್ಲವೇ ಎಂದು ಕೊರಳೆಲುಬುಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿವೆಯೇ ನೋಡುತ್ತೇನೆ.

ಹೈಲಮ್‌ನ ಗ್ರಂಥಿ ದಪ್ಪಗಿದ್ದರೆ ಮುಂಬಯಿಯಲ್ಲಿ ಟಿಬಿ ಮರೆಯುವಂತಿಲ್ಲ. ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಕೆ, ಮನೆಯಲ್ಲಿ ಟಿಬಿ ರೋಗಿ ಇದ್ದರಂತೂ ಕಫ ಅಥವಾ ಬೆಳಗಿನ ಖಾಲಿ ಹೊಟ್ಟೆಯಲ್ಲಿ ಜಠರದಿಂದ ತೆಗೆದ ದ್ರವ ಸಿಬಿನಾಟ್‌ಗೆ (ಟಿಬಿ ರೋಗಾಣುವಿನ ಡಿಎನ್‌ಎ ಪರೀಕ್ಷೆ) ಹೋಗಲೇಬೇಕು. ಮೈಕೋಪ್ಲಾಸ್ಮಾಕ್ಕೆ ಕೊಡುವ ಅಜಿತ್ರೊಮೈಸಿನ್‌ಗೆ ಬಗ್ಗಲಿಲ್ಲವೆಂದು ಆ ಪರೀಕ್ಷೆಗೂ ಮೊದಲೇ, ಟಿಬಿಯ ಮೇಲೂ ಕೆಲಸ ಮಾಡುವ ಲಿವೊಫ್ಲಾಕ್ಸಸಿನ್ ಬರೆದರೆ ಟಿಬಿ ಅರೆಬರೆ ಅಡಗಿ, ಸ್ಯಾಂಪಲ್ಲಿನಲ್ಲಿ ಸಿಗದೆ ಹೋಗಬಹುದು.